ಕಾಯಿಯೊಳಗಿನ ಒಡಹುಟ್ಟು

ಲಂಗಾಟಾದ ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಡೆಯುವುದು ಇಂದಿಗೂ ನನ್ನದೇ ಕೆಲಸ. ಕಾಯಿ ಬರುವುದು ಮೊಂಬಾಸಾ, ಕಿಲಿಫಿ ಕಡೆಯ ಕರಾವಳಿಯಿಂದ. ತಿಪಟೂರಿನಲ್ಲಿ ಹುಟ್ಟಿದ ನನಗೆ ಯಾವ ಕಾಯಿಯೂ ಊರಿನ ಕಾಯಿಯಂತೆ ಕಾಣುವುದಿಲ್ಲ, ಅದು ಬೇರೆ ಮಾತು.

ಕಳೆದ ಅಕ್ಟೋಬರಿನ ಒಂದು ಸಂಜೆ. ಹೊರಗೆ ಜಕರಂಡಾ ಹೂ ಉದುರಿ ರಸ್ತೆಯ ಅಂಚೆಲ್ಲ ನೇರಳೆಯಾಗಿತ್ತು. ಮಗಳು ಚಿರೋಮೋ ಕ್ಯಾಂಪಸ್ಸಿನಿಂದ ಬಂದವಳೇ ಅಡುಗೆಮನೆಯ ಕಟ್ಟೆಯ ಮೇಲೆ ನೋಟ್ಸ್ ಹರಡಿದಳು. ನೈರೋಬಿ ವಿಶ್ವವಿದ್ಯಾಲಯದಲ್ಲಿ ಅವಳದು ಜೀವವಿಜ್ಞಾನ. ಆ ಸೆಮಿಸ್ಟರಿನಲ್ಲಿ ಹೂ ಬಿಡುವ ಸಸ್ಯಗಳ ರಚನೆ ಮತ್ತು ಬೆಳವಣಿಗೆ ಇತ್ತು. ಮೂವತ್ತು ವರ್ಷಗಳ ಹಿಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಓದಿದ ಪಾಠವೇ.

"ಅಮ್ಮ, ಎಂಡೋಸ್ಪರ್ಮ್ ಅಂದ್ರೆ ಒಂದೇ ಮಾತಲ್ಲಿ ಹೇಳು" ಎಂದಳು.

ಆಗಷ್ಟೇ ಒಡೆದ ಹೋಳನ್ನು ತೋರಿಸಿದೆ. "ಇದೇ. ಮಗುವಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ."

ಅವಳು ನೋಟ್ಸ್ ನೋಡಿ ಹುಬ್ಬು ಗಂಟಿಕ್ಕಿದಳು. "ತಾಯಿ ಹೇಗಾಗುತ್ತೆ? ಎರಡೂ ಒಟ್ಟಿಗೇ ಹುಟ್ಟಿದ್ದಲ್ವಾ? ಹಾಗಾದ್ರೆ ಇದು ಭ್ರೂಣಕ್ಕೆ ಅಮ್ಮ ಅಲ್ಲ, ಅಕ್ಕ."

ಅವಳು ಹೇಳಿದ್ದು ಸರಿ. ಪರಾಗನಳಿಕೆ ಅಂಡಕದೊಳಕ್ಕೆ ತರುವುದು ಒಂದಲ್ಲ, ಎರಡು ಗಂಡು ಕೋಶಗಳನ್ನು. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಹೆಚ್ಚಿನ ಸಸ್ಯಗಳಲ್ಲಿ, ಭ್ರೂಣಚೀಲದ ನಡುವಿನ ಎರಡು ಕೇಂದ್ರಗಳೊಡನೆ ಕೂಡಿ ಎಂಡೋಸ್ಪರ್ಮ್ ಆಗುತ್ತದೆ. ಇದರಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಇಮ್ಮಡಿ ನಿಷೇಚನ ಎನ್ನುವ ಇದನ್ನು 1898ರಲ್ಲಿ ನವಾಶಿನ್, 1899ರಲ್ಲಿ ಗಿನ್ಯಾರ್ ಕಂಡರು. ಪೈನ್ ಮರದ ಬೀಜದಲ್ಲಾದರೆ ನನ್ನ ಮಾತು ನಿಲ್ಲುತ್ತಿತ್ತು, ಅಲ್ಲಿನ ಆಹಾರ ತಾಯಿಯ ಕಡೆಯದು, ನಿಷೇಚನಕ್ಕೆ ಮುಂಚೆಯೇ ಬೆಳೆಯತೊಡಗುವಂಥದು. ಹೂ ಬಿಡುವ ಸಸ್ಯದಲ್ಲಿ ಮಾತ್ರ ಒಂದೇ ಹೊತ್ತಿನಲ್ಲಿ ಇಬ್ಬರು ಹುಟ್ಟುತ್ತಾರೆ, ಒಬ್ಬರು ಬೆಳೆಯುತ್ತಾರೆ, ಇನ್ನೊಬ್ಬರು ಆಹಾರವಾಗುತ್ತಾರೆ. ಹೂ ಬಿಡದ ಎಫೆಡ್ರಾ ಗಿಡದಲ್ಲಿ ಎರಡನೆಯ ಸಂಗಮದಿಂದಲೂ ಭ್ರೂಣವೇ ಹುಟ್ಟುತ್ತದೆಂದು ವಿಲಿಯಂ ಫ್ರೀಡ್‌ಮನ್ 1990ರಲ್ಲಿ ತೋರಿಸಿದರು. ಎಂಡೋಸ್ಪರ್ಮ್ ಕೂಡ ಹಿಂದೊಮ್ಮೆ ಭ್ರೂಣವೇ ಆಗಿದ್ದಿರಬಹುದು ಎಂಬ ಊಹೆಗೆ ಅದರಿಂದ ಬಲ ಬಂತು.

ನಾನು ಎಂಎಸ್ಸಿಗೆ ಸೇರಿದ್ದು ಅದೇ 1990ರಲ್ಲಿ. ಅಂಡಕಗಳನ್ನು ಮೇಣದಲ್ಲಿ ಕೂರಿಸಿ, ಮೈಕ್ರೋಟೋಮಿನಲ್ಲಿ ತೆಳ್ಳಗೆ ಕೊಯ್ದು, ಸ್ಯಾಫ್ರನಿನ್ ಬಣ್ಣ ಹಾಕಿ ನೋಡುತ್ತ ಎಷ್ಟು ಸಂಜೆ ಕಳೆದೆನೋ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೂ ಬಾಯಿಗೆ ಬರುತ್ತಿದ್ದದ್ದು ತಾಯಿಯ ಮಾತೇ. ಅಕ್ಕ ಎಂಬ ಮಾತು ನನಗೆ ಏಕೆ ಹೊಳೆಯಲಿಲ್ಲ ಎಂಬುದು ಸಸ್ಯಶಾಸ್ತ್ರದ ಪ್ರಶ್ನೆಯಲ್ಲ.

ನನಗೊಬ್ಬ ಅಕ್ಕ ಇದ್ದಾಳೆ. ಪಿಯುಸಿಯಲ್ಲಿ ಅವಳ ಅಂಕ ನನ್ನದಕ್ಕಿಂತ ಹೆಚ್ಚು. ಅಪ್ಪನಿಗಿದ್ದದ್ದು ಸಣ್ಣ ತೋಟ. ಅಟ್ಟಕ್ಕೆ ಹಾಕಿದ ಕಾಯಿ ವರ್ಷವಿಡೀ ಒಣಗಿ, ಒಳಗಿನ ನೀರು ಇಂಗಿ, ಅಲುಗಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾದ ಮೇಲೆಯೇ ಮನೆಗೆ ದುಡ್ಡು. ಒಬ್ಬಳನ್ನು ಹಾಸ್ಟೆಲ್ಲಿನಲ್ಲಿಡುವಷ್ಟಿತ್ತು, ಇಬ್ಬರನ್ನಲ್ಲ. ಅವ್ವನಿಗೆ ಮೈ ಸರಿಯಿರಲಿಲ್ಲ. ಅಕ್ಕ ಮನೆಯಲ್ಲಿ ಉಳಿದಳು. ಕಾಯಿ ಸುಲಿಸಿದಳು, ದನ ನೋಡಿದಳು, ಅವ್ವನನ್ನು ನೋಡಿದಳು. ನಾನು ತಿಂಗಳಿಗೊಮ್ಮೆ ಮನಿಯಾರ್ಡರ್ ಬಿಡಿಸಿಕೊಂಡೆ.

ನಮ್ಮ ನೆಂಟರಿಷ್ಟರು ಇದನ್ನು ತ್ಯಾಗ ಎಂದರು. ನಾನೂ ಹಾಗೇ ಕಲಿತೆ. ಇಲ್ಲಿನ ಕನ್ನಡದವರ ರಾಜ್ಯೋತ್ಸವದಲ್ಲಿ ಒಮ್ಮೆ ಮೈಕ್ ಹಿಡಿದು "ನನ್ನ ಅಕ್ಕನ ತ್ಯಾಗ" ಎಂದಾಗ ಚಪ್ಪಾಳೆಯೂ ಬಿತ್ತು.

ಮಗಳ ಮಾತಿನ ಮೇಲೆ ಆ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ತ್ಯಾಗ ಎನ್ನಬೇಕಾದರೆ ಬಿಡುವವರಿಗೆ ಬಿಡದಿರುವ ದಾರಿಯೂ ಇರಬೇಕಲ್ಲವೆ? ಎಂಡೋಸ್ಪರ್ಮ್ ತ್ಯಾಗ ಮಾಡುವುದಿಲ್ಲ. ಅದಕ್ಕೆ ಆಯ್ಕೆಯಿಲ್ಲ, ಆಸೆಯಿಲ್ಲ, ನೋವೂ ಇಲ್ಲ. ಸಸ್ಯದಿಂದ ನೀತಿ ಕಲಿಯಹೊರಡುವುದು ಅಪಾಯ ಎಂದು ನಾನು ಬಲ್ಲೆ. ಬೀಜದಲ್ಲಿ ನಡೆಯುವುದೆಲ್ಲ ನ್ಯಾಯವಾದರೆ ಮನೆಯಲ್ಲಿ ಒಬ್ಬರನ್ನು ತಿಂದು ಇನ್ನೊಬ್ಬರು ಬೆಳೆಯುವುದೂ ನ್ಯಾಯವಾಗಿಬಿಡುತ್ತದೆ. ಹೋಲಿಕೆಯಿಂದ ನನಗಾದ ಉಪಕಾರ ಇಷ್ಟೆ: ನಾನು ಬಳಸುತ್ತಿದ್ದ ಪದ ತಪ್ಪು ಎಂದು ತೋರಿತು. ಅಕ್ಕನಿಗೆ ಆಸೆಯಿತ್ತು, ನೋವಿತ್ತು. ಇಲ್ಲದ್ದು ಆಯ್ಕೆ ಒಂದೇ. ಆ ಆಯ್ಕೆಯನ್ನು ನಾವು ಬಾಯಿಮಾತಿನಲ್ಲಿ ಅವಳಿಗೆ ದಾನ ಮಾಡಿ, ತ್ಯಾಗ ಎಂದು ಹೆಸರಿಟ್ಟು, ನಾವು ಹಗುರಾದೆವು.

ಹೊರದೇಶದಲ್ಲಿರುವ ನಮಗೆ ಇದರ ಜೊತೆಗೆ ಇನ್ನೊಂದು ಮಾತು ಪ್ರಿಯ: ಸ್ವಂತ ದುಡಿಮೆಯಿಂದ ಮೇಲೆ ಬಂದೆವು. ಆಗೆಲ್ಲ ನನಗೆ ಬಿ.ಜಿ.ಎಲ್. ಸ್ವಾಮಿಯವರ ನೆನಪಾಗುತ್ತದೆ. 'ಹಸುರು ಹೊನ್ನು' ಬರೆದು ನಮ್ಮನ್ನು ನಗಿಸಿದ ಸ್ವಾಮಿಯವರು ಭ್ರೂಣಶಾಸ್ತ್ರದಲ್ಲಿ ದುಡಿದದ್ದು ಹೆಚ್ಚಾಗಿ ಆರ್ಕಿಡ್‌ಗಳ ಮೇಲೆ. ಆರ್ಕಿಡ್ ಬೀಜ ಧೂಳಿನಂಥದು, ಅದರಲ್ಲಿ ಎಂಡೋಸ್ಪರ್ಮ್ ಬೆಳೆಯುವುದೇ ಇಲ್ಲ. ಹಾಗೆಂದು ಅದು ಸ್ವಂತ ಕಾಲ ಮೇಲೆ ನಿಲ್ಲುತ್ತದೆಯೆ? ಕಾಡಿನಲ್ಲಿ ಅದು ಮೊಳೆತು ಬೆಳೆಯಲು ಒಂದು ಶಿಲೀಂಧ್ರ ಬಂದು ಉಣಿಸಬೇಕು. ಒಡಹುಟ್ಟಿನ ಬುತ್ತಿ ಇಲ್ಲದವರಿಗೆ ಪರರ ಬುತ್ತಿಯಾದರೂ ಬೇಕು. ಬರಿಗೈಲಿ ಬೆಳೆದ ಬೀಜವನ್ನು ನಾನಂತೂ ಕಂಡಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಕ್ಕನನ್ನು ಕೇಳಿಯೇಬಿಟ್ಟೆ. ಹಿತ್ತಿಲಲ್ಲಿ ಕೂತಿದ್ದೆವು. ಮೊಳೆತ ಕಾಯಿಯೊಂದನ್ನು ಒಡೆದು, ಒಳಗಿನ ಬೆಂಡಿನಂಥ ಸಿಹಿ ಉಂಡೆಯನ್ನು ಚಿಕ್ಕಂದಿನಂತೆ ಪಾಲು ಮಾಡಿ ಕೊಟ್ಟಳು. ಮೊಳಕೆ ತನ್ನ ಸುತ್ತಲಿನ ಕೊಬ್ಬರಿಯನ್ನು ಹೀರಿಕೊಳ್ಳಲು ಬೆಳೆಸಿಕೊಂಡ ಅಂಗ ಅದು. ಅವಳಿಗೆ ಅದನ್ನು ಹೇಳಲಿಲ್ಲ.

"ನಿಂಗೆ ನನ್ ಮೇಲೆ ಸಿಟ್ಟಿಲ್ವಾ ಅಕ್ಕ?"

"ನಿನ್ ಮೇಲೆ ಯಾಕೆ? ನೀನೇನ್ ಕಿತ್ಕೊಂಡ್ಯಾ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವ್ಳು ದೊಡ್ ಮನಸ್ಸು ಮಾಡಿದ್ಲು ಅಂತ ಎಲ್ರಿಗೂ ಹೇಳ್ಕಂಡು ಬರ್ತೀಯಲ್ಲ, ಅದೊಂದು ಬಿಡು ಕಣೆ. ನಂಗೂ ಓದೋ ಆಸೆ ಇತ್ತು. ಯಾರೂ ಕೇಳ್ಲಿಲ್ಲ. ಹಂಗೇ ಹೇಳು."

ನಾನು ಕಳಿಸಿದ ಹಣವನ್ನೆಲ್ಲ ಅವಳು ಮುಟ್ಟದೆ ಬ್ಯಾಂಕಿನಲ್ಲಿಟ್ಟಿದ್ದಾಳೆ. ಈ ಸಾಲ ದುಡ್ಡಿನಿಂದ ತೀರುವಂಥದಲ್ಲ. ಅವಳು ಕೇಳಿದ್ದು ನಿಜವನ್ನು ನಿಜದಂತೆ ಹೇಳು ಎಂದು. ಅದು ದುಡ್ಡಿಗಿಂತ ಕಷ್ಟ, ಏಕೆಂದರೆ ಹಾಗೆ ಹೇಳಿದಾಗ ಚಪ್ಪಾಳೆ ಬೀಳುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಲಂಗಾಟಾಕ್ಕೆ ಮರಳಿದ ಮಾರನೆಯ ಬೆಳಗ್ಗೆ ನಮ್ಮ ಮನೆಗೆಲಸದ ಹುಡುಗಿ ಕಾಯಿ ತುರಿಯುತ್ತ ಕೂತಿದ್ದಳು. ಕಾಕಮೆಗಾ ಕಡೆಯವಳು. ಆರು ವರ್ಷದಿಂದ ನಮ್ಮಲ್ಲಿದ್ದಾಳೆ, ಸಂಬಳದ ಬಹುಪಾಲು ತಮ್ಮನ ಶಾಲೆಯ ಫೀಸಿಗೆ ಹೋಗುತ್ತದೆ. ಎಷ್ಟೋ ಸಲ ಗೆಳತಿಯರ ಮುಂದೆ ನಾನು ಹೊಗಳಿದ್ದೇನೆ, ಎಂಥ ತ್ಯಾಗ ನೋಡಿ ಎಂದು. ಅದೇ ಪದ.

ಅಂದು ಹೊಗಳಲಿಲ್ಲ. ನಿನಗೆ ಏನು ಓದಬೇಕೆಂದಿತ್ತು ಎಂದು ಕೇಳಿದೆ. ನಕ್ಕು ತುರಿಯುತ್ತಲೇ ಇದ್ದಳು. ಮಾರನೆಯ ದಿನ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ, "ನರ್ಸಿಂಗ್" ಎಂದಳು. ಈಗಲೂ ಇದೆ ಎಂದೂ ಸೇರಿಸಿದಳು.

ಅಕ್ಕನ ವಿಷಯದಲ್ಲಿ ನಾನು ಮೂವತ್ತು ವರ್ಷ ತಡವಾಗಿ ಕೇಳಿದೆ. ಇವಳ ವಿಷಯದಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಕೇಳಿಯಾಗಿದೆ, ಉತ್ತರವೂ ಬಂದಿದೆ. ಸಂಜೆ ಕಾಲೇಜುಗಳ ಅರ್ಜಿ, ಫೀಸು, ಅವಳ ಕೆಲಸದ ಹೊತ್ತು, ನಮ್ಮ ಮನೆಯ ಅನುಕೂಲ, ಎಲ್ಲವನ್ನೂ ಈಗ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇವೆ, ಅವಳು, ನಾನು, ಮಗಳು.