ಕೊಡಲು ಬಾರದ ಭೂಮಿ

ಭೂಮಿಯ ಒಡೆತನವನ್ನು ಕುರಿತು ಭಾರತೀಯ ಚಿಂತನೆಯಲ್ಲಿ ನಡೆದ ಅತ್ಯಂತ ತೀಕ್ಷ್ಣ ಚರ್ಚೆಗಳಲ್ಲೊಂದು ರಾಜನೀತಿಯ ಗ್ರಂಥದಲ್ಲಿ ಸಿಗದೆ, ವೇದವಾಕ್ಯಗಳ ಅರ್ಥನಿರ್ಣಯವನ್ನೇ ಮುಖ್ಯ ಕೆಲಸವಾಗಿಸಿಕೊಂಡ ಪೂರ್ವಮೀಮಾಂಸೆಯಲ್ಲಿ ಸಿಗುತ್ತದೆ. ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ವಿಶ್ವಜಿತ್ ಎಂಬ ಯಾಗದ ವಿಚಾರ ಬರುತ್ತದೆ. ಈ ಯಾಗವನ್ನು ಮಾಡಿದ ಯಜಮಾನನು ತನ್ನ ಸರ್ವಸ್ವವನ್ನೂ ಋತ್ವಿಜರಿಗೆ, ಎಂದರೆ ಯಾಗವನ್ನು ನಡೆಸಿಕೊಟ್ಟ ಪುರೋಹಿತರಿಗೆ, ದಕ್ಷಿಣೆಯಾಗಿ ಕೊಡಬೇಕೆಂಬ ವಿಧಿಯಿದೆ. ಹಾಗಾದರೆ ಸರ್ವಸ್ವದ ಎಲ್ಲೆ ಯಾವುದು ಎಂದು ಮೀಮಾಂಸಕರು ಕೇಳುತ್ತಾರೆ. ತನ್ನವರೆಂದು ಹೇಳಿಕೊಳ್ಳುವ ತಂದೆತಾಯಿಯರನ್ನೂ ಕೊಡಬೇಕೆ, ಸೇವೆಗೆ ನಿಂತ ಶೂದ್ರನನ್ನೂ ಕೊಡಬೇಕೆ, ಯಜಮಾನನು ಸಾರ್ವಭೌಮನಾದ ಅರಸನಾಗಿದ್ದರೆ ಭೂಮಂಡಲವನ್ನೇ ಧಾರೆಯೆರೆಯಬೇಕೆ? ತಂದೆತಾಯಿ ಸಂಬಂಧಿಗಳೇ ಹೊರತು ಸ್ವತ್ತಲ್ಲ, ಧರ್ಮವೆಂದು ಸೇವೆ ಮಾಡುವವನ ಮೇಲೆ ಯಜಮಾನನಿಗೆ ಒಡೆತನವಿಲ್ಲ, ಭೂಮಿಯಂತೂ ಎಲ್ಲರಿಗೂ ಸಮಾನವಾದದ್ದರಿಂದ ಯಾರೊಬ್ಬನೂ ಅದನ್ನು ದಾನವಾಗಿ ಕೊಡಲಾರ ಎಂದು ಅಲ್ಲಿ ನಿರ್ಣಯವಾಗುತ್ತದೆ.

ಭಾಷ್ಯಕಾರನಾದ ಶಬರಸ್ವಾಮಿ ಇದನ್ನು ಸುಮ್ಮನೆ ಒಪ್ಪಿ ಮುಂದೆ ಸಾಗುವುದಿಲ್ಲ. ಹೊಲಗಳಿಗೆ ಒಡೆಯರಿರುವುದು ಲೋಕದಲ್ಲಿ ಕಾಣುತ್ತದೆ, ಇಡೀ ಪೃಥ್ವಿಗೆ ಒಡೆಯನಿರುವುದು ಕಾಣುವುದಿಲ್ಲ ಎಂದು ಅವನು ಮೊದಲು ಹೇಳುತ್ತಾನೆ; ಸಾರ್ವಭೌಮನಿಗೆ ಆ ಒಡೆತನವುಂಟಲ್ಲ ಎಂಬ ಆಕ್ಷೇಪವನ್ನು ತಾನೇ ಎತ್ತಿ, ಭೂಮಿಯನ್ನು ಅನುಭವಿಸುವ ಮಟ್ಟಿಗೆ ಅರಸನಿಗೂ ಉಳಿದವರಿಗೂ ಏನೂ ವ್ಯತ್ಯಾಸವಿಲ್ಲವೆಂದೂ, ನೆಲದಲ್ಲಿ ಬೆಳೆದ ಭತ್ತ ಮೊದಲಾದ ಫಸಲನ್ನು ಕಾಯುವ ಕೆಲಸಕ್ಕಾಗಿ ಅದರಲ್ಲೊಂದು ಪಾಲು ಅವನಿಗೆ ಸಲ್ಲುವುದಷ್ಟೇ ಅವನ ಹೆಚ್ಚುಗಾರಿಕೆಯೆಂದೂ ಉತ್ತರ ಕೊಡುತ್ತಾನೆ. ಈ ಲೆಕ್ಕದಲ್ಲಿ ಕಂದಾಯ ಕಾವಲಿನ ಕೂಲಿ. ಅದು ನೆಲದ ಒಡೆಯನಿಗೆ ಸಲ್ಲುವ ಗೇಣಿಯಲ್ಲ. ಈ ಮಾತಿಗೆ ಪರಂಪರೆಯ ಒಮ್ಮತವಿತ್ತೆಂದು ಭಾವಿಸಲು ಅವಕಾಶವಿಲ್ಲ. ಕಾತ್ಯಾಯನನ ಸ್ಮೃತಿಯು ರಾಜನನ್ನು ಭೂಮಿಯ ಒಡೆಯನೆಂದೇ ಕರೆದು ಆರನೆಯ ಒಂದು ಪಾಲಿನ ತೆರಿಗೆಗೆ ಆ ಒಡೆತನವನ್ನೇ ಕಾರಣವಾಗಿ ಹೇಳುತ್ತದೆ. ಮನುಸ್ಮೃತಿಯು ಕಾಡು ಕಡಿದು ಹಸನು ಮಾಡಿದವನದೇ ಹೊಲವೆಂದು ಒಂದೆಡೆ ಹೇಳಿ, ನೆಲದಲ್ಲಿ ಸಿಕ್ಕ ನಿಧಿಯ ಮಾತು ಬಂದಾಗ ರಾಜನೇ ಭೂಮಿಯ ಅಧಿಪತಿಯೆಂದು ಇನ್ನೊಂದೆಡೆ ಹೇಳುತ್ತದೆ. ಖಜಾನೆಗೆ ಹತ್ತಿರವಾದ ವಿಷಯಗಳಲ್ಲಿ ರಾಜನ ಒಡೆತನ ಹಿಗ್ಗುವುದು ಹಳೆಯ ಗ್ರಂಥಗಳಿಗೂ ಹೊಸದಲ್ಲ.

ಮೀಮಾಂಸಕರ ಪಕ್ಷವನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಟ್ಟ ಗ್ರಂಥಗಳಲ್ಲೊಂದು ಅರಸನ ಆಶ್ರಯದಲ್ಲಿಯೇ ಹುಟ್ಟಿತು. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯನು ರಚಿಸಿದ ಜೈಮಿನೀಯ ನ್ಯಾಯಮಾಲಾ ವಿಸ್ತರವು ಇದೇ ಅಧಿಕರಣವನ್ನು, ಎಂದರೆ ಒಂದು ಸಂಶಯವನ್ನೆತ್ತಿ ನಿರ್ಣಯಿಸುವ ಪ್ರಕರಣವನ್ನು, ವಿವರಿಸುವಾಗ ದುಷ್ಟರನ್ನು ಶಿಕ್ಷಿಸಿ ಶಿಷ್ಟರನ್ನು ಪಾಲಿಸುವುದೇ ರಾಜನ ಒಡೆತನದ ತಿರುಳೆಂದೂ, ನೆಲವು ತಮ್ಮ ತಮ್ಮ ಕರ್ಮಫಲವನ್ನು ಉಣ್ಣುವ ಸಕಲ ಪ್ರಾಣಿಗಳಿಗೂ ಸಾಧಾರಣವಾದ ಧನವೆಂದೂ, ಆದ್ದರಿಂದ ಒಂದು ತುಂಡು ನೆಲವನ್ನು ಕೊಡಬಹುದಾದರೂ ಮಹಾಭೂಮಿಯನ್ನು, ಎಂದರೆ ನಾಡಿನ ಒಟ್ಟು ನೆಲವನ್ನು, ಕೊಡಲಾಗದೆಂದೂ ಹೇಳುತ್ತದೆ. ಈ ಮಾಧವನೂ ಶೃಂಗೇರಿಯ ವಿದ್ಯಾರಣ್ಯರೂ ಒಬ್ಬರೇ ಎಂಬ ವಿವಾದವೇನೇ ಇರಲಿ, ಸಾಮ್ರಾಜ್ಯವೊಂದು ಬೆಳೆಯುತ್ತಿದ್ದಾಗ ಅದರ ಆಸ್ಥಾನದ ಪಂಡಿತನೇ ಸಮ್ರಾಟನಿಗೆ ನೆಲದ ಒಡೆತನವಿಲ್ಲವೆಂದು ಬರೆದದ್ದು ಗಮನಿಸತಕ್ಕ ಸಂಗತಿ. 17ನೆಯ ಶತಮಾನದಲ್ಲಿ ನೀಲಕಂಠ ಭಟ್ಟನು ವ್ಯವಹಾರಮಯೂಖದಲ್ಲಿ ಇದನ್ನು ಯುದ್ಧಕ್ಕೂ ವಿಸ್ತರಿಸಿದನು: ಸೋತ ಅರಸನ ಸ್ವಂತದ ಮನೆ, ಹೊಲ, ಧನ ಗೆದ್ದವನಿಗೆ ಸೇರುತ್ತವೆ; ಸೋತವನಿಗೆ ಎಲ್ಲೆಲ್ಲಿ ಕೇವಲ ಕರ ಎತ್ತುವ ಹಕ್ಕಿತ್ತೋ ಅಲ್ಲೆಲ್ಲ ಗೆದ್ದವನಿಗೂ ಅಷ್ಟೇ ಸಿಗುತ್ತದೆ. ರಾಜ್ಯ ಕೈ ಬದಲಾದರೂ ಒಕ್ಕಲಿನ ಹೊಲ ಒಕ್ಕಲಿನದೇ.

ಒಡೆತನ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಕನ್ನಡ ನೆಲದಲ್ಲಿ ಬರೆಯಲಾದ ಇನ್ನೊಂದು ಗ್ರಂಥ ಉತ್ತರ ಹೇಳಿದೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಸ್ವತ್ವವು, ಎಂದರೆ ಒಂದು ವಸ್ತು ಒಬ್ಬನದಾಗಿರುವಿಕೆಯು, ಲೌಕಿಕವೆಂದು ವಾದಿಸುತ್ತದೆ. ಆಹವನೀಯವೆಂಬ ಯಜ್ಞಾಗ್ನಿಯು ಶಾಸ್ತ್ರದ ಸಂಸ್ಕಾರದಿಂದಲೇ ಆಹವನೀಯವಾಗುತ್ತದೆ. ಅಕ್ಕಿಯು ಒಬ್ಬನ ಸ್ವತ್ತಾಗುವುದಕ್ಕೆ ಅಂತಹ ಸಂಸ್ಕಾರ ಬೇಕಿಲ್ಲ, ಅದನ್ನು ಕೊಳ್ಳುವ ಮಾರುವ ವ್ಯವಹಾರವೇ ಸಾಕು. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರಲ್ಲಿಯೂ ಇಂತಹ ವ್ಯವಹಾರ ಕಾಣುತ್ತದೆ ಎಂಬುದು ಅವನ ಯುಕ್ತಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬ ಪ್ರಸಿದ್ಧ ಸಿದ್ಧಾಂತಕ್ಕೆ ಪೀಠಿಕೆಯಾಗಿ ಬಂದ ಈ ವಾದಕ್ಕೆ ಆ ಸಿದ್ಧಾಂತವನ್ನು ಮೀರಿದ ಫಲವೊಂದಿದೆ. ಒಡೆತನವನ್ನು ಶಾಸ್ತ್ರ ಕೊಟ್ಟಿಲ್ಲವಾದರೆ ಶಾಸ್ತ್ರವನ್ನು ಜಾರಿಗೆ ತರುವ ರಾಜನೂ ಕೊಟ್ಟಿಲ್ಲ. ಜನರ ನಡುವಿನ ಬಳಕೆಯಲ್ಲಿ ಅದು ಮೊದಲೇ ಇದ್ದು, ರಾಜ್ಯವು ಅದನ್ನು ಗುರುತಿಸುತ್ತದಷ್ಟೆ.

ಹಾಗಿದ್ದರೂ ರಾಜರು ಭೂಮಿಯನ್ನು ಕೊಟ್ಟರು. ಕರ್ನಾಟಕದ ಶಾಸನಗಳಲ್ಲಿ ಬಹುಪಾಲು ದತ್ತಿಯ ಶಾಸನಗಳೇ ಆಗಿವೆ. ಅಗ್ರಹಾರ, ಮಾನ್ಯ, ಉಂಬಳಿಗಳಲ್ಲಿ ರಾಜನು ನಿಜಕ್ಕೂ ಕೊಟ್ಟದ್ದೇನು ಎಂದು ನೋಡಿದರೆ ಹೆಚ್ಚಿನ ಕಡೆ ಅದು ತೆರಿಗೆಯ ಆದಾಯ ಮತ್ತು ವಿನಾಯಿತಿಗಳು, ನಿಧಿ, ನಿಕ್ಷೇಪ, ಜಲ, ಪಾಷಾಣಾದಿ ಅಷ್ಟಭೋಗಗಳು. ನೆಲವೇ ಬೇಕಾದಾಗ ದಾನಿಗಳು ಊರಿನ ಮಹಾಜನರಿಂದ ಕ್ರಯಕ್ಕೆ ಕೊಂಡು ದೇವಾಲಯಕ್ಕೆ ಬಿಟ್ಟ ಉದಾಹರಣೆಗಳೂ ಇವೆ. ಕಲ್ಲಿನ ತುದಿಯಲ್ಲಿ ಬರುವ ಶಾಪಾಶಯದ ಶ್ಲೋಕಗಳು ಇನ್ನೊಂದು ದಿಕ್ಕಿನಿಂದ ರಾಜನ ಒಡೆತನದ ಈ ಮಿತಿಯನ್ನೇ ಹೇಳುತ್ತವೆ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತಿಯ ಭೂಮಿಯನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ರಾಜನನ್ನು ಹಿಡಿದು ನಿಲ್ಲಿಸುವ ನ್ಯಾಯಾಲಯವಿಲ್ಲದ ಕಾಲದಲ್ಲಿ ಮುಂದಿನ ಜನ್ಮವೇ ನ್ಯಾಯಾಲಯವಾಗಬೇಕಾಯಿತು.

ಯುರೋಪಿನ ಚಿಂತನೆ ಬೇರೆ ದಾರಿ ಹಿಡಿಯಿತು. ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್ 1625ರಲ್ಲಿ ಪ್ರಕಟಿಸಿದ ಯುದ್ಧ ಮತ್ತು ಶಾಂತಿಯ ಕಾನೂನನ್ನು ಕುರಿತ ಗ್ರಂಥದಲ್ಲಿ, ಪ್ರಜೆಗಳ ಆಸ್ತಿಯೆಲ್ಲವೂ ರಾಜ್ಯದ ಶ್ರೇಷ್ಠ ಒಡೆತನಕ್ಕೆ ಒಳಪಟ್ಟಿರುವುದರಿಂದ ಸಾರ್ವಜನಿಕ ಹಿತಕ್ಕಾಗಿ ರಾಜ್ಯವು ಅದನ್ನು ಬಳಸಬಹುದು, ನಾಶಮಾಡಬಹುದು, ಪರಭಾರೆಯನ್ನೂ ಮಾಡಬಹುದು, ಆದರೆ ನಷ್ಟವನ್ನು ಸಾರ್ವಜನಿಕ ನಿಧಿಯಿಂದ ತುಂಬಿಕೊಡಬೇಕು ಎಂದು ಬರೆದನು. ಇಂಗ್ಲಿಷಿನಲ್ಲಿ ಎಮಿನೆಂಟ್ ಡೊಮೈನ್ ಎಂದು ಕರೆಯಲಾಗುವ ಈ ಅಧಿಕಾರವೇ 1894ರ ಭೂಸ್ವಾಧೀನ ಕಾಯ್ದೆಯ ಮೂಲಕ ಭಾರತದಲ್ಲಿ ನೆಲೆಯೂರಿತು. ಗ್ರೋಷಿಯಸ್‌ನ ವಾಕ್ಯದಲ್ಲಿ ಪರಿಹಾರದ ಷರತ್ತು ಎಲ್ಲರ ಕಣ್ಣಿಗೂ ಬೀಳುತ್ತದೆ, ಪರಭಾರೆಯ ಮಾತು ಅಷ್ಟಾಗಿ ಬೀಳುವುದಿಲ್ಲ. ಮೀಮಾಂಸಕರು ಮುಚ್ಚಿದ್ದ ಬಾಗಿಲು ಅದೇ. ರಾಜನು ಕಾಯುವವನು, ಕಾವಲಿಗೆ ಬೇಕಾದದ್ದನ್ನು ಕೂಲಿಯಾಗಿ ಪಡೆಯುವವನು ಎಂದಮೇಲೆ, ಒಬ್ಬನ ನೆಲವನ್ನು ಎತ್ತಿ ಇನ್ನೊಬ್ಬನಿಗೆ ಕೊಡುವ ಸಾಮರ್ಥ್ಯ ಅವನಿಗೆ ಎಲ್ಲಿಂದ ಬರಬೇಕು?

ಭೂಸ್ವಾಧೀನದ ನೈತಿಕ ಪರೀಕ್ಷೆಯನ್ನು ಹೀಗೆ ತೆಗೆದುಕೊಳ್ಳುವ ಕಡೆಯಿಂದ ಕೊಡುವ ಕಡೆಗೆ ಸರಿಸಿದರೆ ಇಂದಿನ ಹಲವು ವಿವಾದಗಳ ಚಹರೆ ಬದಲಾಗುತ್ತದೆ. ರಸ್ತೆಗೆ, ಕಾಲುವೆಗೆ, ಶಾಲೆಗೆ ತೆಗೆದುಕೊಂಡ ನೆಲ ಎಲ್ಲರ ಬಳಕೆಯಲ್ಲಿ ಉಳಿಯುತ್ತದೆ. ಅಲ್ಲಿ ರಾಜ್ಯ ಪಾಲಕನ ಸ್ಥಾನವನ್ನು ಬಿಟ್ಟಿರುವುದಿಲ್ಲ. ಖಾಸಗಿ ಉದ್ದಿಮೆಗೆ ಹಂಚಲೆಂದು ತೆಗೆದುಕೊಂಡಾಗ ಅದು ದಾನಿಯ ಪೀಠದಲ್ಲಿ ಕುಳಿತಿರುತ್ತದೆ. ಅಮೆರಿಕದ ನ್ಯೂ ಲಂಡನ್ ಪಟ್ಟಣದ ಮನೆಗಳನ್ನು ಆರ್ಥಿಕ ಅಭಿವೃದ್ಧಿಗೆಂದು ಸ್ವಾಧೀನ ಮಾಡಿಕೊಂಡದ್ದನ್ನು ಅಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಎತ್ತಿಹಿಡಿಯಿತು. ಮನೆಗಳು ಹೋದವು, ಅಭಿವೃದ್ಧಿ ಬರಲಿಲ್ಲ, ನಿವೇಶನ ವರ್ಷಗಟ್ಟಲೆ ಹಾಳುಬಿದ್ದಿತ್ತು. ಕರ್ನಾಟಕದಲ್ಲಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ರೈತರಿಂದ ಪಡೆದ ಜಮೀನನ್ನು ಮಂಡಳಿಯು ನಿವೇಶನಗಳಾಗಿ ವಿಂಗಡಿಸಿ ಉದ್ದಿಮೆಗಳಿಗೆ ಹಂಚಿಕೆ ಮಾಡುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ಮೂರು ವರ್ಷಕ್ಕೂ ಮೀರಿ ನಡೆದ ಹೋರಾಟದ ನಂತರ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅಲ್ಲಿ ಕೇಳಿಬಂದದ್ದು ದರ ಸಾಲದೆಂಬ ತಕರಾರಿಗಿಂತ ಹೆಚ್ಚಾಗಿ ಭೂಮಿಯನ್ನು ಕೊಡುವುದೇ ಇಲ್ಲವೆಂಬ ನಿರಾಕರಣೆ. ಈ ಪರೀಕ್ಷೆ ಎಲ್ಲ ನೋವನ್ನೂ ಹಿಡಿಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರ ಎಷ್ಟೋ ಕುಟುಂಬಗಳು ಅರ್ಧ ಶತಮಾನ ದಾಟಿದರೂ ಹಕ್ಕುಪತ್ರಕ್ಕೆ ಅಲೆಯುತ್ತಿರುವುದಕ್ಕೆ, ವಿದ್ಯುತ್ತು ನಾಡಿನ ಎಲ್ಲರಿಗೂ ಹೋಯಿತೆಂಬುದು ಉತ್ತರವಾಗಲಾರದು.

ದರದ ಮಾತೇ ಎಲ್ಲವನ್ನೂ ಮುಗಿಸುವುದಿಲ್ಲವೆಂಬುದು ಕಾನೂನಿಗೂ ಗೊತ್ತು. ಮಾರುಕಟ್ಟೆ ಬೆಲೆಯ ಮೇಲೆ ಸೊಲೇಷಿಯಂ ಎಂಬ ಇನ್ನೊಂದು ಮೊತ್ತವನ್ನು ಕೊಡಲಾಗುತ್ತದೆ; ಒಡೆಯನ ಒಪ್ಪಿಗೆಯಿಲ್ಲದೆ ಕಡ್ಡಾಯವಾಗಿ ತೆಗೆದುಕೊಂಡದ್ದಕ್ಕಾಗಿ ಸಲ್ಲುವ ಸಮಾಧಾನದ ಹಣ ಅದು. 1984ರ ತಿದ್ದುಪಡಿಯಲ್ಲಿ ಅದು ಶೇಕಡಾ 30ಕ್ಕೆ ಏರಿತು, 2013ರ ಹೊಸ ಭೂಸ್ವಾಧೀನ ಕಾಯ್ದೆಯಲ್ಲಿ ಶೇಕಡಾ 100 ಆಯಿತು. ಇಚ್ಛೆಗೆ ಬಿದ್ದ ಪೆಟ್ಟಿಗೆ ಶೇಕಡಾವಾರು ಕಟ್ಟುವ ಈ ಏರ್ಪಾಡು, ಬೆಲೆಯ ಆಚೆಗೂ ಏನೋ ಉಳಿದಿದೆಯೆಂದು ಒಪ್ಪಿಕೊಂಡು ಮರುಗಳಿಗೆಯಲ್ಲೇ ಅದನ್ನೂ ಬೆಲೆಯಾಗಿಸುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅಹಾಬ ರಾಜನು ಅರಮನೆಯ ಪಕ್ಕದ ದ್ರಾಕ್ಷಿತೋಟಕ್ಕೆ ಬದಲಾಗಿ ಅದಕ್ಕಿಂತ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುತ್ತೇನೆಂದರೂ ನಾಬೋತನು ಪಿತೃಗಳ ಸ್ವಾಸ್ತ್ಯವೆಂದು ನಿರಾಕರಿಸಿದನು, ಅದಕ್ಕಾಗಿ ಜೀವ ತೆತ್ತನು. ಅಮೆರಿಕದ ಮೂಲನಿವಾಸಿಗಳಾದ ಸೂ ಜನಾಂಗದವರಿಗೆ ಪವಿತ್ರವಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1868ರ ಒಪ್ಪಂದ ಮುರಿದು 1877ರಲ್ಲಿ ಕಸಿದುಕೊಂಡದ್ದಕ್ಕೆ ಪರಿಹಾರ ಸಲ್ಲಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪಿತ್ತಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಮೀರಿದ ಆ ಹಣವನ್ನು ಸೂ ಜನರು ಮುಟ್ಟಲಿಲ್ಲ, ಸರ್ಕಾರದ ಖಾತೆಯಲ್ಲೇ ಬೆಳೆದು ಅದು ಈಗ 100 ಕೋಟಿಯನ್ನು ದಾಟಿದೆ. ಒಡಿಶಾದ ನಿಯಮಗಿರಿಯಲ್ಲಿ ಗಣಿಗಾರಿಕೆ ನಡೆಯಬೇಕೆ ಎಂಬುದನ್ನು ತೀರ್ಮಾನಿಸಲು 2013ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳಿಗೆ ಬಿಟ್ಟಾಗ ಡೊಂಗ್ರಿಯಾ ಕೊಂಧ ಆದಿವಾಸಿಗಳ ಹನ್ನೆರಡೂ ಸಭೆಗಳು ಬೇಡವೆಂದವು. ಬೆಟ್ಟವು ನಿಯಮರಾಜನೆಂಬ ದೈವದ್ದು, ಅದನ್ನು ಕೊಡಲು ತಾವು ಯಾರು ಎಂಬ ಅವರ ನಿಲುವು ಶಬರಸ್ವಾಮಿಯ ಯುಕ್ತಿಗೆ ದೂರದ್ದಲ್ಲ.

ಈ ವಾದದ ಎದುರಿಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಸ್ವತಂತ್ರ ಭಾರತದಲ್ಲಿ ಆಸ್ತಿಯ ಹಕ್ಕನ್ನು ಗಟ್ಟಿಯಾಗಿ ಹಿಡಿದು ಕೋರ್ಟಿಗೆ ಹೋದವರಲ್ಲಿ ಜಮೀನ್ದಾರರೂ ಮಠಗಳೂ ಮುಂದಿದ್ದವು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಪ್ರಶ್ನಿಸಿದ್ದು ಕೇರಳದ ಭೂಸುಧಾರಣೆಯನ್ನು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಾಧೀಶರ ಪೀಠವು ಸಂವಿಧಾನದ ಮೂಲರಚನೆಯನ್ನು ಕಾಪಾಡಿತು, ಮಠದ ಜಮೀನನ್ನಲ್ಲ. 1978ರ 44ನೆಯ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದು, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲವೆಂಬ 300ಎ ವಿಧಿಗೆ ಇಳಿಸಿತು. ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ನಿಹಿತವಾದವು, ನಂತರ ಉಳುವವರ ಹೆಸರಿಗೆ ಬಂದವು. ಇದೂ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟದ್ದೇ ಅಲ್ಲವೆ?

ರೂಪದಲ್ಲಿ ಹೌದು, ವಸ್ತುವಿನಲ್ಲಿ ಅಲ್ಲ. ಗೇಣಿದಾರನು ಏಳನೇ ನಂಬರಿನ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಅವನನ್ನು ಕೇಳುತ್ತಿದ್ದದ್ದು ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಅವನ ಹೆಸರಿದೆಯೇ, ಇಲ್ಲವಾದರೆ ಉಳುತ್ತಿದ್ದದ್ದಕ್ಕೆ ನೆರೆಹೊಲದವರ ಸಾಕ್ಷಿಯಿದೆಯೇ ಎಂದು. ಆ ನೆಲದಲ್ಲಿ ಮೊದಲಿನಿಂದ ನಡೆದುಬಂದ ಅನುಭೋಗವನ್ನು ಅಲ್ಲಿ ಗುರುತಿಸಲಾಯಿತು. ವಿಜ್ಞಾನೇಶ್ವರನ ಲೌಕಿಕ ಸ್ವತ್ವವೂ ಕಾಡು ಕಡಿದವನದೇ ಹೊಲವೆಂಬ ಮನುವಿನ ಮಾತೂ ಅಲ್ಲಿ ಗೇಣಿದಾರನ ಪಕ್ಷಕ್ಕೆ ನಿಲ್ಲುತ್ತವೆ. ಆದರೆ ಹೆಸರು ಯಾವ ಕಾಲಂನಲ್ಲಿಯೂ ಇಲ್ಲದ ಕೂಲಿಯವರಿಗೆ ಆ ಸುಧಾರಣೆಯಿಂದ ನೆಲ ಸಿಗಲಿಲ್ಲ, ಇಂದು ಸ್ವಾಧೀನವಾದಾಗಲೂ ಭೂಮಾಲೀಕನ ಪರಿಹಾರ ಅವರಿಗೆ ಬರುವುದಿಲ್ಲ. 2013ರ ಕಾಯ್ದೆ ಅವರನ್ನು ಬಾಧಿತ ಕುಟುಂಬಗಳೆಂದು ಗುರುತಿಸಿ ಪುನರ್ವಸತಿಗೆ ಅರ್ಹರೆಂದದ್ದು ಈ ಕೊರತೆಗೆ ತಡವಾಗಿ ಬಂದ ಅರ್ಧ ಉತ್ತರ. ಎಲ್ಲ ಪ್ರಾಣಿಗಳಿಗೂ ಸಾಧಾರಣವಾದ ಧನವೆಂಬ ಮಾಧವನ ಮಾತನ್ನು ಅದರ ತುದಿಯವರೆಗೆ ಒಯ್ದರೆ ಅದು ರಾಜನ ಮೇಲೆ ಬಿದ್ದಷ್ಟೇ ಭಾರವಾಗಿ ದೊಡ್ಡ ಹಿಡುವಳಿದಾರನ ಮೇಲೂ ಬೀಳುತ್ತದೆ; ಮೀಮಾಂಸಕರು ಅಷ್ಟು ದೂರ ಹೋಗಲಿಲ್ಲ.

ಪಾಲಕನೋ ಒಡೆಯನೋ ಎಂಬ ಹಳೆಯ ಸಂಶಯವನ್ನು 2013ರ ಕಾಯ್ದೆಯೂ ಬಗೆಹರಿಸಿಲ್ಲ. ಖಾಸಗಿ ಕಂಪನಿಗಾಗಿ ಸ್ವಾಧೀನ ಮಾಡುವಾಗ ಶೇಕಡಾ 80ರಷ್ಟು ಬಾಧಿತರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ, ಎಂದರೆ ಕೊಡುವ ಕಡೆಯ ತೊಡಕನ್ನು ಕಂಡಿದೆ. ಆದರೆ ಸ್ವಾಧೀನಪಡಿಸಿಕೊಂಡ ಜಮೀನು ಐದು ವರ್ಷ ಬಳಕೆಯಾಗದೆ ಉಳಿದರೆ ಅದನ್ನು ಮೂಲ ಒಡೆಯನಿಗೋ ಅವನ ವಾರಸುದಾರರಿಗೋ ಮರಳಿಸಬೇಕು, ಇಲ್ಲವೇ ಸರ್ಕಾರದ ಭೂಬ್ಯಾಂಕಿಗೆ ಸೇರಿಸಬೇಕು ಎಂದು ಅದರ 101ನೆಯ ಪ್ರಕರಣ ಎರಡನ್ನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಇಟ್ಟಿದೆ. ಉದ್ದೇಶ ತೀರಿಹೋದಮೇಲೆ ಪಾಲಕನಾದವನು ಹೊಲವನ್ನು ಮರಳಿಸಬೇಕಾಗುತ್ತದೆ, ಒಡೆಯನಾದವನು ತನ್ನ ಬ್ಯಾಂಕಿನಲ್ಲಿ ಇಟ್ಟುಕೊಳ್ಳಬಹುದು. ಎರಡರಲ್ಲಿ ಯಾವುದಾಗಬೇಕೆಂಬ ಆಯ್ಕೆಯನ್ನು ಆ ವಾಕ್ಯವು ಭೂಮಿ ಕಳೆದುಕೊಂಡವನ ಕೈಗೆ ಕೊಟ್ಟಿಲ್ಲ.