ಓದದೇ ಉಳಿದ ಚೀಟಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ತನ್ನ ಪಕ್ಷದ ತರಬೇತಿ ಶಿಬಿರಕ್ಕೆ ಹೋಗಿ ಬಂದ. ಕಲ್ಯಾಣಮಂಟಪದಲ್ಲಿ ಎರಡು ದಿನ. ಅವನ ನೋಟ್‌ಬುಕ್ ತಿರುವಿ ನೋಡಿದೆ. ಮತದಾರರ ಪಟ್ಟಿಯ ಪುಟಕ್ಕೊಬ್ಬ ಕಾರ್ಯಕರ್ತ, ಬೂತಿಗೊಂದು ವಾಟ್ಸ್ಆ್ಯಪ್ ಗುಂಪು, ಬೆಂಗಳೂರಿಗೆ ದುಡಿಯಲು ಹೋದವರನ್ನು ಮತದಾನದ ದಿನ ಕರೆಸಿಕೊಳ್ಳುವ ಬಗೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡಿದ್ದ. ಕೊನೆಯಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಅಂದರಂತೆ.

“ನಮ್ಮ ಪಕ್ಷದವರೇ ತಪ್ಪು ಮಾಡಿದರೆ ಯಾರಿಗೆ ಹೇಳಬೇಕು ಅಂತ ಬರೆದಿದ್ದೆ, ಮೇಷ್ಟ್ರೇ. ನನ್ನ ಚೀಟಿ ಓದಲೇ ಇಲ್ಲ.”

ಅಂದಿನಿಂದ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಕಾಂಗ್ರೆಸ್ಸಿಗೆ ಸ್ವಯಂಸೇವಕರನ್ನು ತಯಾರು ಮಾಡಿದ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ನೆನಪಾಗುತ್ತಿದ್ದಾರೆ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿನ ಹಿಂಸೆ ತಾಳಲಾರದೆ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರ್ ಜತೆಗೆ ಹೋಗಿದ್ದ ಹುಬ್ಬಳ್ಳಿಯ ಸ್ವಯಂಸೇವಕರು ಬರೆಯಲಿಲ್ಲ. ಉತ್ಸಾಹ ಎಲ್ಲರಲ್ಲೂ ಇದ್ದಿರಬೇಕು. ಆದರೆ ಹುಬ್ಬಳ್ಳಿಯವರು ಮೊದಲೇ ಪಳಗಿದ್ದರು. ಆ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹರ್ಡೀಕರರ ಮುಂದಾಳತ್ವದಲ್ಲಿ ಹಿಂದೂಸ್ತಾನಿ ಸೇವಾದಳ ಎಂಬ ಸ್ವಯಂಸೇವಕರ ದಳ ಹುಟ್ಟಿತು. ಕವಾಯತು, ಶಿಸ್ತು ಎಂದರೆ ಅಹಿಂಸೆಗೆ ಒಗ್ಗೀತೇ ಎಂದು ಕಾಂಗ್ರೆಸ್ಸಿನೊಳಗೇ ಆಕ್ಷೇಪ ಎದ್ದಿತು. ಹಾಗೆ ಒಳಗೇ ಎದ್ದು ನಿಂತು ಹೇಳಲು ಆಗ ಜಾಗವಿತ್ತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಈ ದಳದವರು ಹಗಲಿರುಳು ದುಡಿದರು.

ಬೂತಿನ ಕೆಲಸ ಕೀಳೆಂದು ನಾನು ಹೇಳಲಾರೆ. ಮನೆಮನೆ ಮೆಟ್ಟಿಲು ಹತ್ತಿದವನಿಗೆ ಊರಿನ ಕಷ್ಟ ಗೊತ್ತಾಗುತ್ತದೆ. ಆದರೆ ಸೋತ ಮರುದಿನ ಅದೇ ಮೆಟ್ಟಿಲು ಹತ್ತುವುದನ್ನು ಕಲಿಸುವವರು ಯಾರು? ನಮಗೆ ಓಟು ಹಾಕದ ಅಜ್ಜಿಯ ಪಿಂಚಣಿ ಅರ್ಜಿ ಹಿಡಿದು ನಾಡಕಚೇರಿಯ ಮುಂದೆ ನಿಲ್ಲುವುದನ್ನು? ಇವು ಭಾಷಣದಲ್ಲಿ ಬರುವಂಥವಲ್ಲ, ಹಿರಿಯರು ಮಾಡುವುದನ್ನು ನೋಡಿ ಬರಬೇಕು. ಹುಡುಗರು ನೋಡುತ್ತಲೂ ಇದ್ದಾರೆ. ಹತ್ತು ವರ್ಷ ಬಾವುಟ ಕಟ್ಟಿದವನು ಮನೆಯಲ್ಲೇ ಉಳಿದು, ನಿನ್ನೆ ರಾತ್ರಿ ಪಕ್ಷ ಸೇರಿದವರ ಕೈಗೆ ಬೆಳಗ್ಗೆ ಬಿ ಫಾರಂ ಬಂದರೆ ಆ ಪಾಠ ಯಾವ ಶಿಬಿರಕ್ಕಿಂತಲೂ ಆಳಕ್ಕೆ ಇಳಿಯುತ್ತದೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಮುಂದಿನ ತಿಂಗಳು ಜಿಲ್ಲಾ ಮಟ್ಟದ ಶಿಬಿರವಂತೆ. “ಈ ಸಲ ಎದ್ದು ನಿಂತೇ ಕೇಳ್ತೀನಿ” ಅಂದ.

“ಕೇಳಪ್ಪ” ಅಂದೆ. ಅವನು ಬೈಕು ಹತ್ತಿ ಹೋದ ಮೇಲೂ ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದೆ. ಕೇಳಿದ ಮೇಲೆ ಅವನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ.