ಪಾಲಿಗೆ ಬಗ್ಗದ ಸಂಖ್ಯೆಗಳು

• ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ 91 ಕ್ರೇಟ್ ಟೊಮೆಟೊ ಬಂದರೆ ಸಾಲಿಗೆ 13ರಂತೆ ಏಳು ಸಾಲು ಜೋಡಿಸಿ ಮುಗಿಸಬಹುದು. 97 ಬಂದರೆ ಒಂದೇ ಉದ್ದ ಸಾಲು, ಬೇರೆ ದಾರಿಯಿಲ್ಲ. ಮೇಲ್ನೋಟಕ್ಕೆ 91 ಕೂಡ ಒಡೆಯದಂತೆಯೇ ಕಾಣುತ್ತದೆ. ಭಾಗಿಸಿ ನೋಡದೆ ಯಾವ ಸಂಖ್ಯೆಯನ್ನೂ ಅವಿಭಾಜ್ಯ ಎನ್ನಬೇಡಿ.

• ತುಮಕೂರು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ 48. ಬಿಡಿಸಿದರೆ ನಾಲ್ಕು ಎರಡುಗಳು, ಒಂದು ಮೂರು. ಎಷ್ಟು ದೊಡ್ಡದು ಎಂಬುದು ಗಾತ್ರ. ಯಾವುದರಿಂದ ಆದದ್ದು ಎಂಬುದು ಗುಣ.

• ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಸಾಧಿಸಿ ಎರಡು ಸಾವಿರ ವರ್ಷ ದಾಟಿತು. ಅದನ್ನು ತಿಳಿಯಲು ಅರ್ಧ ಪುಟ ಸಾಕು. ದೊಡ್ಡದೊಂದನ್ನು ಹಿಡಿದು ತರಲು ಆಯುಸ್ಸೇ ಸಾಲದಿರಬಹುದು.

• 2024ರ ಅಕ್ಟೋಬರಿನಲ್ಲಿ ಸಿಕ್ಕಿದ ಅವಿಭಾಜ್ಯ: 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದು ಕಳೆದದ್ದು. ಬಿಡಿಸಿ ಬರೆದರೆ 4,10,24,320 ಅಂಕಿ. ಹೆಸರು ಅರ್ಧ ಸಾಲು, ಮೈ ಸಾವಿರಾರು ಪುಟ.

• ಈ ಬಗೆಯ ಸಂಖ್ಯೆ ಅವಿಭಾಜ್ಯವಾಗಲು ಅದರ ಘಾತವೂ, ಅಂದರೆ ಗುಣಿಸಿದ ಎರಡುಗಳ ಎಣಿಕೆಯೂ, ಅವಿಭಾಜ್ಯವಾಗಿರಬೇಕು. ಆದರೆ 11 ಒಡೆಯದಿದ್ದರೂ, 11 ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದ 2047 ಒಡೆದು 23, 89 ಆಗುತ್ತದೆ. ಬೇಕಾದದ್ದೆಲ್ಲ ಸಾಕಾದದ್ದಲ್ಲ.

• 67 ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆಯ ಸಂಖ್ಯೆ ಒಡೆಯುತ್ತದೆಂದು 1876ರಲ್ಲಿ ಫ್ರಾನ್ಸಿನ ಲ್ಯೂಕಾ ತೋರಿಸಿದ. ಎಲ್ಲಿ ಒಡೆಯುತ್ತದೆಂದು ಹೇಳಲಾಗಲಿಲ್ಲ. ಅಪವರ್ತನಗಳನ್ನು ಅಮೆರಿಕದ ಕೋಲ್ 1903ರಲ್ಲಿ ಕೊಟ್ಟ. ಬಿರುಕಿದೆ ಎಂದು ತಿಳಿದ ಮೇಲೂ ಅದು ಕೈಗೆ ಸಿಗಲು 27 ವರ್ಷ ಬೇಕಾಯಿತು.

• ರಾಮಾನುಜನ್ ಹೆಸರಿನೊಂದಿಗೆ ಬೆಸೆದುಕೊಂಡ 1729, ಅವಿಭಾಜ್ಯವೇ ಎಂದು ಕೇಳುವ ಫರ್ಮಾ ಪರೀಕ್ಷೆಯಲ್ಲಿ ಅವಿಭಾಜ್ಯದಂತೆಯೇ ಉತ್ತರಿಸುತ್ತದೆ. ಒಳಗೆ 7, 13, 19 ಕುಳಿತಿವೆ. ಒಂದೇ ಪ್ರಶ್ನೆಗೆ ಸರಿಯುತ್ತರ ಕೊಟ್ಟವರನ್ನು ಇನ್ನೊಂದು ಕೇಳಿ.

• ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯವೇ ಎಂದು ಊಹೆಯಿಲ್ಲದೆ, ಮಿತವಾದ ಹಂತಗಳಲ್ಲಿ ಪರೀಕ್ಷಿಸುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟರು. ದಾಖಲೆ ಗಾತ್ರದ ಅವಿಭಾಜ್ಯ ಹುಡುಕುವವರು ಈಗಲೂ ಬೇರೆ ವಿಧಾನವನ್ನೇ ನೆಚ್ಚುತ್ತಾರೆ: ಸಿದ್ಧಾಂತ ಗೆದ್ದ ದಾರಿಯೇ ಬೇಗ ಮುಟ್ಟಿಸುವ ದಾರಿಯಾಗಬೇಕಿಲ್ಲ.

• ಗುಟ್ಟು ಕಾಯುವ ಆರ್‌ಎಸ್‌ಎ ಬೀಗದಲ್ಲಿ ಇರುವುದು ಸುಮಾರು 300 ಅಂಕಿಗಳ ಎರಡು ಅವಿಭಾಜ್ಯ. ಗುಣಿಸುವುದು ಕ್ಷಣದ ಕೆಲಸ. ಗುಣಲಬ್ಧ ನೋಡಿ ಅವೆರಡನ್ನು ಹೊರತೆಗೆಯುವುದು ಇಂದಿನ ಯಂತ್ರಗಳಿಗೂ ಆಗದ ಮಾತು. ಸುಲಭವಾಗಿ ಕೂಡಿ, ಸುಲಭಕ್ಕೆ ಬಿಡದ್ದನ್ನೇ ನಂಬಬಹುದು.

• ಆ 300 ಅಂಕಿಗಳ ಗಾತ್ರದಲ್ಲಿ ಸುಮಾರು 690 ಸಂಖ್ಯೆಗೊಂದು ಅವಿಭಾಜ್ಯ. ನಾಲ್ಕು ಕೋಟಿ ಅಂಕಿಯದ್ದು ಎಲ್ಲರಿಗೂ ಗೊತ್ತು, ಹಾಗಾಗಿ ಬೀಗಕ್ಕೆ ಬಾರದು. ಹೆಸರಾದವು ಪತ್ರಿಕೆಯಲ್ಲಿ, ಹೆಸರಿಲ್ಲದವು ಕೆಲಸದಲ್ಲಿ.

• ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ, ಮಿನರ್ವ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದಾಗ ಬಿಡುವಿನಲ್ಲಿ ಸಂಖ್ಯಾಸಿದ್ಧಾಂತ ಓದಿದರು; 1969ರಲ್ಲಿ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳ ಮೇಲೆ ಪ್ರಬಂಧ ಬರೆದರು. ಹೊಟ್ಟೆಪಾಡಿನ ಲೆಕ್ಕ ಮುಗಿದ ಮೇಲೆಯೇ ಕೆಲವರ ಲೆಕ್ಕ ಶುರುವಾಗುವುದು.

• ಎರಡರ ಘಾತದಲ್ಲಿ ಒಂದು ಕಳೆದ ಅವಿಭಾಜ್ಯಗಳು 2024ರ ಕೊನೆಗೆ 52 ಸಿಕ್ಕಿದ್ದವು. ಅವಕ್ಕೆ ಕೊನೆಯುಂಟೇ ಎಂಬುದನ್ನು ಯಾರೂ ಸಾಧಿಸಿಲ್ಲ. ಐವತ್ತೆರಡು ಉದಾಹರಣೆ ಸೇರಿದರೂ ಒಂದು ಸಾಧನೆಯಾಗುವುದಿಲ್ಲ.